ಒಂದೇ ಕೋಣೆ, ನಾಲ್ಕು ಸಂಬಳ

ಕೋಲಾರದಿಂದ ಮುಳಬಾಗಿಲಿನ ಕಡೆ ಹೊರಟ ಬಸ್ಸು ದೇವರಾಯಸಮುದ್ರದಲ್ಲಿ ನಿಲ್ಲುವ ಹೊತ್ತಿಗೆ ಇನ್ನೂ ಒಂಬತ್ತು ಗಂಟೆಯಾಗಿಲ್ಲ. ಮಾರ್ಚ್ ತಿಂಗಳ ಕೊನೆಯ ಸೋಮವಾರ. ಬಿಸಿಲು ಆಗಲೇ ನೆತ್ತಿ ಸುಡುತ್ತಿದೆ. ಟೊಮೆಟೊ ಕ್ರೇಟು ಹೇರಿಕೊಂಡ ಗಾಡಿಗಳು ವಡ್ಡಹಳ್ಳಿ ಮಂಡಿಯತ್ತ ಓಡುತ್ತಿವೆ. ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ನಾಲ್ಕಾರು ಹುಡುಗಿಯರು ಕಂಪನಿ ಬಸ್ಸಿಂದ ಇಳಿದು, ಕೊರಳಿಂದ ಗುರುತಿನ ಚೀಟಿಯನ್ನೂ ತೆಗೆಯದೆ, ನಿದ್ದೆಗಣ್ಣಲ್ಲೇ ಊರ ದಾರಿ ಹಿಡಿದಿದ್ದಾರೆ. ಹೆದ್ದಾರಿಯ ಒಂದು ಪಕ್ಕಕ್ಕೆ ಬೋಳು ಬಂಡೆಗಳ ಬೆಟ್ಟ, ಇನ್ನೊಂದು ಪಕ್ಕಕ್ಕೆ ಟೀ ಅಂಗಡಿ, ಅದರ ಮುಂದೆ ಷೇರ್ ಆಟೊ.

ಆಟೊ ಹತ್ತಿ ಒಳದಾರಿಯಲ್ಲಿ ಹೋಗೋಣ ಬನ್ನಿ. ಯಾವ ಪಂಚಾಯಿತಿ ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಕೆಲಸ ಕಳೆದುಕೊಳ್ಳಬಹುದಾದ ಒಬ್ಬಳು ಆ ಕಚೇರಿಯಲ್ಲಿದ್ದಾಳೆ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅವುಗಳಲ್ಲಿ ನಿಮ್ಮೂರಿನದಕ್ಕೆ ಹೋದರೂ ಈ ಕೋಣೆಯ ಗುರುತು ಸಿಕ್ಕೀತು.

ಬಾಗಿಲು ತೆಗೆಯುತ್ತಿರುವವಳು ಅವಳೇ. ಬೀಗದ ಕೈ ಅವಳ ಹತ್ತಿರ, ಮನೆ ಹತ್ತಿರ ಇರುವವಳು ಎಂಬ ಕಾರಣಕ್ಕೆ. ವಯಸ್ಸು ಮೂವತ್ತರ ಒಳಗೆ, ಮುಳಬಾಗಿಲಿನ ಕಾಲೇಜಿನಲ್ಲಿ ಬಿ.ಕಾಂ. ಊರವರು ಇವಳನ್ನು ಚಿಕ್ಕ ಮೇಡಮ್ ಅನ್ನುತ್ತಾರೆ. ಕಿಟಕಿ ತೆಗೆದು, ಯುಪಿಎಸ್ ಹಾಕಿ, ಅದು ಕೂಗುವುದು ನಿಲ್ಲುವವರೆಗೆ ಕಾದು, ಎರಡೂ ಕಂಪ್ಯೂಟರ್ ಚಾಲೂ ಮಾಡುತ್ತಾಳೆ. ಒಂದು ಅವಳದು. ಇನ್ನೊಂದು ದೊಡ್ಡ ಮೇಡಮ್‌ದು. ಇಬ್ಬರೂ ಆಪರೇಟರುಗಳೇ. ದೊಡ್ಡ ಮೇಡಮ್ ಒಂಬತ್ತೂವರೆಯ ಬಸ್ಸಿಗೆ ಬರುತ್ತಾರೆ. ಹದಿನಾಲ್ಕು ವರ್ಷದ ಅನುಭವ.

ಎರಡೂ ಕುರ್ಚಿಗಳ ನಡುವೆ ಒಂದು ಗೇಣಿನ ಅಂತರ. ಬಲಗಡೆಯ ಗೋಡೆಗೆ ಅಂಬೇಡ್ಕರ್, ಗಾಂಧಿ ಪಟಗಳು. ಎಡಗಡೆ ಕಬ್ಬಿಣದ ಬೀರು, ಅದರ ಮೇಲೆ ಹಾಜರಾತಿ ಪುಸ್ತಕ. ದೊಡ್ಡ ಮೇಡಮ್ ಬಂದವರೇ ಚೀಲ ಇಟ್ಟು ಆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಚಿಕ್ಕ ಮೇಡಮ್‌ದು ಬೇರೆ: ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು, ತಾನೇ ಗೆರೆ ಎಳೆದು ತಾರೀಖು ಬರೆದುಕೊಂಡದ್ದು. ಬೀರುವಿನ ಮೇಲಿರುವ ಪುಸ್ತಕದಲ್ಲಿ ಅವಳ ಹೆಸರಿಲ್ಲ.

ಮೊದಲು ಬಂದದ್ದು ಒಬ್ಬ ಅಜ್ಜಿ. ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ, "ಏಮ್ಮಾ, ನಾ ಪಿಂಚನಿ ಒಚ್ಚಿಂದಾ?" ಅನ್ನುತ್ತಾಳೆ. ಈ ಸೀಮೆಯಲ್ಲಿ ಕಾಗದದ ಮೇಲೆ ಕನ್ನಡ, ಬಾಯಲ್ಲಿ ತೆಲುಗು. ಎರಡೂ ಬಾರದವರು ಈ ಕುರ್ಚಿಯಲ್ಲಿ ಒಂದು ದಿನ ಕೂರಲಾರರು. "ಇಂಕಾ ರಾಲೇದವ್ವಾ, ಇಲ್ಲಿ ಕೂತ್ಕೋ, ನೋಡ್ತೀನಿ," ಎಂದು ಚಿಕ್ಕ ಮೇಡಮ್ ಆಧಾರ್ ನಂಬರ್ ಹೊಡೆಯುತ್ತಾಳೆ. ವೃದ್ಧಾಪ್ಯ ವೇತನ ಕಂದಾಯ ಇಲಾಖೆಯ ಕೆಲಸ, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಜ್ಜಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಅಷ್ಟು ದೂರ ಹೋಗಲಾರಳು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು ಕಂಡು, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, "ಇದನ್ನ ಬ್ಯಾಂಕಲ್ಲಿ ತೋರಿಸವ್ವಾ, ಏನೂ ಮಾತಾಡಬೇಡ, ಬರೀ ತೋರಿಸು" ಎಂದು ಕೊಡುತ್ತಾಳೆ. ಈ ಹತ್ತು ನಿಮಿಷ ಯಾವ ವಹಿಯಲ್ಲೂ ದಾಖಲಾಗುವುದಿಲ್ಲ.

ಆಮೇಲೆ ಸಾಲು ಕಟ್ಟುತ್ತದೆ. ನಮೂನೆ 9 ಬೇಕೆಂದವರು, ನಮೂನೆ 11 ಬೇಕೆಂದವರು. 2013ರಿಂದ ಇ-ಸ್ವತ್ತು ಬಂದ ಮೇಲೆ ಹಳ್ಳಿಯ ಮನೆ, ನಿವೇಶನದ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ; ಸಾಲ ಬೇಕಾದರೂ, ಮಾರಬೇಕಾದರೂ, ಅಣ್ಣತಮ್ಮ ಪಾಲಾಗಬೇಕಾದರೂ ಆ ಕಾಗದ ಬೇಕು. ದಾಖಲೆ ನೋಡುವುದು, ಅಳತೆ ತುಂಬುವುದು, ಚೆಕ್ಕುಬಂದಿ ಹೊಡೆಯುವುದು, ಫೋಟೊ ಏರಿಸುವುದು ಈ ಎರಡು ಕುರ್ಚಿಗಳ ಕೆಲಸ. ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರ ಡಿಜಿಟಲ್ ಸಹಿ. ಒಂದು ಅಡಿ ಹೆಚ್ಚುಕಡಿಮೆ ಹೊಡೆದರೆ ಎರಡು ಮನೆಗಳ ನಡುವೆ ಹತ್ತು ವರ್ಷದ ವ್ಯಾಜ್ಯ. ದೊಡ್ಡ ಮೇಡಮ್ ಒಂದು ಅರ್ಜಿ, ಚಿಕ್ಕ ಮೇಡಮ್ ಒಂದು ಅರ್ಜಿ, ಹೀಗೆ ಹಂಚಿಕೊಂಡು ಹೋಗುತ್ತಾರೆ. ಅರ್ಜಿ ಹಿಡಿದು ನಿಂತವರಿಗೆ ಯಾವ ಕಾಗದ ಯಾರ ಕೈಯಿಂದ ಬಂತು ಎಂದು ತಿಳಿಯುವುದಿಲ್ಲ. ತಿಳಿಯಬೇಕಾದ ಕಾರಣವೂ ಇಲ್ಲ, ಎರಡೂ ಒಂದೇ ಥರ ಇರುತ್ತವೆ.

ತಿಂಗಳಾದ ಮೇಲೆ ಅಲ್ಲವೇ ವ್ಯತ್ಯಾಸ. ದೊಡ್ಡ ಮೇಡಮ್ ಅವರ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಅನುಮೋದನೆ ಇದೆ. 2018ರ ಸುಮಾರಿಗೆ ಪಂಚಾಯಿತಿ ನೌಕರರ ಸಂಬಳವನ್ನು ಸರ್ಕಾರವೇ ನೇರ ಬ್ಯಾಂಕ್ ಖಾತೆಗೆ ಹಾಕುವ ಇಎಫ್‌ಎಂಎಸ್ ವ್ಯವಸ್ಥೆ ಬಂದಾಗ ಅವರ ಹೆಸರು ಸೇರಿತು. ಅವರಿಗೆ ಕಾರ್ಮಿಕ ಇಲಾಖೆ ಗೊತ್ತುಪಡಿಸಿದ ಕನಿಷ್ಠ ವೇತನ ಸಿಗುತ್ತದೆ, ಒಮ್ಮೊಮ್ಮೆ ತಡವಾಗಿಯಾದರೂ. ಚಿಕ್ಕ ಮೇಡಮ್ ಬಂದದ್ದು ಕೆಲಸ ಹೆಚ್ಚಾದಾಗ, ಪಂಚಾಯಿತಿಯ ಸಾಮಾನ್ಯ ಸಭೆ ನಿರ್ಣಯ ಮಾಡಿ ತೆಗೆದುಕೊಂಡದ್ದರಿಂದ. ಪಂಚಾಯತ್ ರಾಜ್ ಕಾಯ್ದೆಯಂತೆ ಇಂಥ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಪೂರ್ವಾನುಮೋದನೆ ಬೇಕು. ಅದು ಬಂದಿಲ್ಲ. ಹಾಗಾಗಿ ಅವಳ ಹಣ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಬರಬೇಕು. ಅಂದರೆ ಮನೆ ಕಂದಾಯ, ನೀರಿನ ಬಿಲ್ಲು, ಅಂಗಡಿ ಲೈಸೆನ್ಸು. ತಿಂಗಳಿಗೆ ಎಂಟು ಸಾವಿರ. ವಸೂಲಾದರೆ.

ಹನ್ನೊಂದರ ಹೊತ್ತಿಗೆ ಬಿಲ್ ಕಲೆಕ್ಟರ್ ಬರುತ್ತಾರೆ. ಐವತ್ತು ದಾಟಿದ ಆಳು, ಟಿವಿಎಸ್ ಗಾಡಿ, ಕಂಕುಳಲ್ಲಿ ರೆಕ್ಸಿನ್ ಚೀಲ. ಮಾರ್ಚ್ ಎಂದರೆ ಇವರಿಗೆ ಊಟ ನಿದ್ದೆ ಇಲ್ಲ, ವರ್ಷದ ಗುರಿ ಮುಟ್ಟಬೇಕು. ಬಂದವರು ನೀರು ಕುಡಿದು, ದುಡ್ಡು ಎಣಿಸಿ ಮೇಜಿನ ಮೇಲಿಡುತ್ತಾರೆ. "ಇಷ್ಟೇನಾ ಅಣ್ಣಾ?" ಅನ್ನುತ್ತಾಳೆ ಚಿಕ್ಕ ಮೇಡಮ್. ಕೇಳುವ ರೀತಿಯಲ್ಲೇ ಗೊತ್ತಾಗುತ್ತದೆ, ಅದು ಪಂಚಾಯಿತಿ ಲೆಕ್ಕದ ಪ್ರಶ್ನೆ ಅಲ್ಲ. "ಏನಮ್ಮಾ ಮಾಡೋದು, ಟೊಮೆಟೊ ರೇಟ್ ಬಿದ್ದೋಗೈತೆ, ಯಾರ ಕೈಯಾಗೂ ಕಾಸಿಲ್ಲ. ರೇಟ್ ಬರ್ಲಿ ಅಂತಾರೆ." ಅವಳು ರಸೀದಿ ಹೊಡೆಯುತ್ತ ಹೋಗುತ್ತಾಳೆ. ಒಬ್ಬೊಬ್ಬರ ಬಾಕಿ ತೆರೆಯ ಮೇಲೆ ಬರುತ್ತದೆ; ತನಗೆ ಬರಬೇಕಾದ ಹಣ ಯಾವ ಯಾವ ಮನೆಯಲ್ಲಿ ನಿಂತಿದೆ ಎಂದು ಅವಳಿಗೆ ಮನೆ ನಂಬರಿನ ಸಮೇತ ಗೊತ್ತು. ಅದರಲ್ಲಿ ಅವಳ ದೊಡ್ಡಪ್ಪನ ಮನೆಯೂ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಳೆ ಕೈಕೊಟ್ಟರೆ, ಕೊಳವೆ ಬಾವಿ ಬತ್ತಿದರೆ, ಟೊಮೆಟೊ ರಸ್ತೆಗೆ ಸುರಿಯುವಂತಾದರೆ ರೈತನಿಗೆ ನಷ್ಟ ಆಗುತ್ತದೆ ಎಂದು ನಾವೆಲ್ಲ ಬರೆಯುತ್ತೇವೆ. ಅದೇ ನಷ್ಟ ಸರ್ಕಾರಿ ಕಚೇರಿಯ ಒಂದು ಕುರ್ಚಿಯ ಸಂಬಳವನ್ನೂ ನಿಲ್ಲಿಸುತ್ತದೆ ಎಂದು ಯಾರೂ ಬರೆದದ್ದು ನಾನು ಓದಿಲ್ಲ. ಅದೇ ಕೋಣೆಯ ಇನ್ನೊಂದು ಕುರ್ಚಿಗೆ ಆ ಬರ ತಟ್ಟುವುದಿಲ್ಲ.

ಹೊರಗೆ ಬೈಕ್ ನಿಂತ ಸದ್ದು. ತಾಲ್ಲೂಕು ಪಂಚಾಯಿತಿಯ ನರೇಗಾ ವಿಭಾಗದ ಹುಡುಗ, ಎನ್‌ಎಂಆರ್ ಹಾಜರಿ ಕಡತಕ್ಕೆ ಸಹಿ ಮಾಡಿಸಿಕೊಂಡು ಹೋಗಲು ಬಂದಿದ್ದಾನೆ. ಇವನೂ ಆಪರೇಟರೇ, ಆದರೆ ಹೊರಗುತ್ತಿಗೆ. ಅವನ ಮಾಲೀಕ ಸರ್ಕಾರವಲ್ಲ, ಬೆಂಗಳೂರಿನ ಒಂದು ಏಜೆನ್ಸಿ. ಆ ಏಜೆನ್ಸಿಯವರನ್ನು ಅವನು ಕಣ್ಣಲ್ಲಿ ಕಂಡಿಲ್ಲ. ಸಂಬಳದ ಚೀಟಿ ಕೊಡುವುದಿಲ್ಲ. ಬ್ಯಾಂಕಿನ ಎಸ್ಎಂಎಸ್ಸೇ ಚೀಟಿ. ಭವಿಷ್ಯ ನಿಧಿಗೆ ಶೇ 12, ಇಎಸ್‌ಐಗೆ ಶೇ 0.75 ಅವನ ಕೈಯಿಂದ ಕಡಿತ. ಮಾಲೀಕ ಹಾಕಬೇಕಾದ ಪಾಲು ತನ್ನ ಖಾತೆಗೆ ಬಂತೋ ಇಲ್ಲವೋ ಎಂದು ತಾನೇ ಮೊಬೈಲಿನಲ್ಲಿ ನೋಡಿಕೊಳ್ಳಬೇಕು.

"ಕೂತ್ಕೋ, ಟೀ ಬರ್ತೈತೆ," ಎನ್ನುತ್ತಾರೆ ಬಿಲ್ ಕಲೆಕ್ಟರ್.

"ಬೇಡಣ್ಣ, ಇನ್ನೂ ಎರಡು ಪಂಚಾಯ್ತಿ ಐತೆ. ನಾಳೆ ಟೆಂಡರ್ ಮುಗೀತದೆ. ಹೊಸ ಏಜೆನ್ಸಿ ಬಂದ್ರೆ ನಮ್ಮನ್ನೇ ಮುಂದುವರಿಸ್ತಾರೋ ಇಲ್ವೋ."

ಮಾರ್ಚ್ 31 ಅಂದರೆ ಇವನಿಗೆ ಇದು. ಪ್ರತಿ ವರ್ಷ ಏಪ್ರಿಲ್ ಒಂದರಂದು ಅದೇ ಕುರ್ಚಿಯಲ್ಲಿ ಹೊಸ ಮನುಷ್ಯನಾಗಿ ಕೂರುತ್ತಾನೆ. ಹಿಂದಿನ ವರ್ಷಗಳ ಸೇವೆ ಹಿಂದಿನ ಏಜೆನ್ಸಿಯ ಜೊತೆ ಹೋಗಿರುತ್ತದೆ. ನರೇಗಾ ಸಿಬ್ಬಂದಿಯ ಸಂಬಳ ಬರುವುದು ಯೋಜನೆಯ ಆಡಳಿತ ವೆಚ್ಚದಿಂದ, ನರೇಗಾ ಕಾಯ್ದೆಯಡಿ ಅದಕ್ಕೆ ಒಟ್ಟು ಖರ್ಚಿನ ಶೇ 6ರ ಮಿತಿ ಇತ್ತು. ದಿಲ್ಲಿಯಲ್ಲಿ ಹಣ ತಡೆದರೆ ಇಲ್ಲಿ ಒಲೆ ಆರುತ್ತದೆ. 2025ರಲ್ಲಿ ರಾಜ್ಯದ ನರೇಗಾ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಜುಲೈನಲ್ಲಿ ಅವರು ಅಸಹಕಾರ ಚಳವಳಿ ಹೂಡಿದರು. ಕೂಲಿಕಾರರಿಗೆ ಹದಿನೈದು ದಿನದೊಳಗೆ ಕೂಲಿ ಪಾವತಿಯಾಗಬೇಕು ಎಂಬ ಕಾಯ್ದೆಯ ಲೆಕ್ಕವನ್ನು ದಿನವೂ ಕಂಪ್ಯೂಟರಿಗೆ ತುಂಬುತ್ತಿದ್ದವರು ಅವರೇ.

ಅವನು ತಂದ ಹಾಳೆಗಳನ್ನು ಚಿಕ್ಕ ಮೇಡಮ್ ತಾಳೆ ನೋಡುತ್ತಾಳೆ. ಹೆಸರಿನ ಮುಂದೆ ದಿನಗೂಲಿ: 370 ರೂಪಾಯಿ. 2025-26ಕ್ಕೆ ಕರ್ನಾಟಕಕ್ಕೆ ಗೊತ್ತಾದ ದರ ಅದು. ಎಂಟು ಸಾವಿರವನ್ನು ಇಪ್ಪತ್ತಾರು ದಿನಕ್ಕೆ ಹಂಚಿ ನೋಡಿ, ಮುನ್ನೂರ ಏಳು ಚಿಲ್ಲರೆ. ಕೆರೆ ಹೂಳು ತೆಗೆಯುವವರ ಕೂಲಿ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ, ಆ 370ರಲ್ಲೂ ಯಾರ ಮನೆಯೂ ನೆಮ್ಮದಿಯಾಗಿ ನಡೆಯುವುದಿಲ್ಲ. ಆದರೆ ನೆಲ ಮುಟ್ಟಿದ ದರ ಎಂದು ಸರ್ಕಾರವೇ ಒಪ್ಪಿಕೊಂಡ ಕೂಲಿಗಿಂತ ಕೆಳಗೆ, ಆ ಕೂಲಿಯ ಲೆಕ್ಕ ಬರೆಯುವ ಪದವೀಧರೆ ಕೂತಿದ್ದಾಳೆ.

ನಾಲ್ಕನೆಯ ಕುರ್ಚಿ ಖಾಲಿ. ಅದು ದ್ವಿತೀಯ ದರ್ಜೆ ಲೆಕ್ಕ ಸಹಾಯಕರದು, ಕಾಯಂ ಹುದ್ದೆ. ಇದ್ದವರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬಂದಿಲ್ಲ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಹೀಗೆ ಖಾಲಿ ಬಿದ್ದಿವೆ. ಯಾರಾದರೂ ಕೂತಿದ್ದರೆ ಏಳನೇ ವೇತನ ಆಯೋಗದ ಶ್ರೇಣಿ ಸಿಗುತ್ತಿತ್ತು. 2024ರ ಆಗಸ್ಟ್ ಒಂದರಿಂದ ಸರ್ಕಾರಿ ನೌಕರನ ಅತಿ ಕಡಿಮೆ ಮೂಲ ವೇತನವೇ 27,000 ರೂಪಾಯಿ. ದ್ವಿತೀಯ ದರ್ಜೆ ಸಹಾಯಕರಿಗೆ ಶುರುವೇ 34,100. ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ, ರಜೆ. ಆ ಖಾಲಿ ಕುರ್ಚಿಯ ನಗದು ಪುಸ್ತಕ, ವೋಚರು, ಬ್ಯಾಂಕ್ ತಾಳೆ ಎಲ್ಲ ಈಗ ದೊಡ್ಡ ಮೇಡಮ್ ಮೇಜಿಗೆ ಬಂದಿವೆ. ಅವರು ಆ ಕೆಲಸಕ್ಕೆ ಒಂದು ರೂಪಾಯಿ ಹೆಚ್ಚು ಪಡೆಯುವುದಿಲ್ಲ. ಅವರ ಮೊದಲಿನ ಕೆಲಸ ಚಿಕ್ಕ ಮೇಡಮ್ ಮೇಜಿಗೆ ಜಾರಿದೆ.

ಕೆಲಸ ಮೇಲಿನಿಂದ ಕೆಳಗೆ ಇಳಿಯುತ್ತ ಬಂದಿದೆ, ಹಣ ಮಾತ್ರ ಮೇಲೆಯೇ ನಿಂತಿದೆ. ಖಾಲಿ ಹುದ್ದೆಯ ಸಂಬಳ ಉಳಿದದ್ದು ಎಲ್ಲಿಂದ ಎಂದು ಯಾರಾದರೂ ಹಣಕಾಸು ಇಲಾಖೆಯನ್ನು ಕೇಳಿದರೆ ಈ ಕೋಣೆಯನ್ನು ತೋರಿಸಬೇಕು.

ಮಧ್ಯಾಹ್ನ ಒಂದೂವರೆಗೆ ಕರೆಂಟ್ ಹೋಗುತ್ತದೆ. ಸರ್ವರ್ ಹೇಗೂ ಬೆಳಿಗ್ಗೆಯಿಂದ ಕುಂಟುತ್ತಿತ್ತು. ಡಬ್ಬಿ ಬಿಚ್ಚುತ್ತಾರೆ. ಮುದ್ದೆ, ಅವರೆಕಾಳಿನ ಸಾರು, ಚಿತ್ರಾನ್ನ. ಹೊರಗೆ ಹುಣಸೆ ಮರದ ಕೆಳಗೆ ಹಣ್ಣು ಬಡಿಯುವ ಸದ್ದು. ಊಟ ಮುಗಿದ ಮೇಲೆ ಬಿಲ್ ಕಲೆಕ್ಟರ್ ರೆಕ್ಸಿನ್ ಚೀಲದ ತಳದಿಂದ ಒಂದು ಕಡತ ತೆಗೆಯುತ್ತಾರೆ. ಸಿಐಟಿಯು ಜೊತೆಗಿರುವ ಪಂಚಾಯಿತಿ ನೌಕರರ ಸಂಘದ ಸದಸ್ಯರು ಇವರು. ಸಂಘದ ಸಮಾವೇಶಗಳಲ್ಲಿ ಕೊಟ್ಟ ಕರಪತ್ರ, ಸುತ್ತೋಲೆಯ ಜೆರಾಕ್ಸ್, ಪತ್ರಿಕೆಯ ತುಣುಕು ಎಲ್ಲ ಅದರಲ್ಲಿವೆ. ಓದಿದ್ದು ಪಿಯುಸಿ; ಆದರೆ ಹಂಗಾಮಿ ನೌಕರರ ಕಾನೂನು ಇವರ ಬಾಯಲ್ಲಿ ತಾರೀಖಿನ ಸಮೇತ ಇದೆ.

"ಇದು ನಮ್ಮ ರಾಜ್ಯದಾಗೇ ಸುರುವಾದ ಕತೆ," ಎಂದು ಹೇಳತೊಡಗುತ್ತಾರೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ರಾಜ್ಯದ ಕಚೇರಿಗಳಲ್ಲಿ ಸುಮಾರು 50 ಸಾವಿರ ಮಂದಿ ದಿನಗೂಲಿಗೆ ದುಡಿಯುತ್ತಿದ್ದರು. ಹದಿನಾರು, ಇಪ್ಪತ್ತು ವರ್ಷ ಕಳೆದವರೂ ಇದ್ದರು. 1990ರ ಫೆಬ್ರುವರಿಯಲ್ಲಿ ಕೋರ್ಟು ಅವರನ್ನು ಹಂತ ಹಂತವಾಗಿ ಕಾಯಂ ಮಾಡುವ ದಾರಿ ತೆರೆಯಿತು. ಅಷ್ಟರಲ್ಲಿ ಸರ್ಕಾರ 1984ರ ಜುಲೈ 1ರಿಂದ ಹೊಸ ದಿನಗೂಲಿ ನೇಮಕ ಬೇಡ ಎಂದು ಆದೇಶ ಮಾಡಿತ್ತು. ಆದೇಶ ಕಡತದಲ್ಲಿ ಉಳಿಯಿತು, ಕೆಲಸ ಕಚೇರಿಯಲ್ಲಿ ಬೆಳೆಯಿತು. 1985-86ರಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ಕಚೇರಿಗಳು ಮತ್ತೆ ದಿನಗೂಲಿಗೆ ಜನ ತೆಗೆದುಕೊಂಡವು. ಹತ್ತು ವರ್ಷ ದುಡಿದು ಅವರೂ ಕೋರ್ಟಿಗೆ ಹೋದರು.

ಅದೇ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ. ನಿಯಮದಂತೆ ಆಯ್ಕೆಯಾಗದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಮುಗಿಸಿದವರಿಗೆ ಒಂದೇ ಒಂದು ಬಾರಿ ಅವಕಾಶ ಕೊಡಿ ಎಂದೂ ಹೇಳಿತು. ಅಂದಿನಿಂದ ಇಂದಿನವರೆಗೆ ದೇಶದ ಯಾವ ಮೂಲೆಯಲ್ಲಿ ಹಂಗಾಮಿ ನೌಕರ ಕಾಯಂ ಕೇಳಿದರೂ ಎದುರು ವಕೀಲರು ಮೊದಲು ಎತ್ತುವುದು ಕರ್ನಾಟಕದ ಈ ಪ್ರಕರಣವನ್ನು.

"ಆದ್ರೆ ಪೂರ್ತಿ ಓದೋರು ಕಮ್ಮಿ," ಎಂದು ಬಿಲ್ ಕಲೆಕ್ಟರ್ ಒಂದು ಹಾಳೆಯ ಮೇಲೆ ಬೆರಳಿಡುತ್ತಾರೆ. ಕೆಂಪು ಪೆನ್ನಿನಲ್ಲಿ ಗೆರೆ. ಕಾಯಂ ಇಲ್ಲ ಎಂದ ಅದೇ ತೀರ್ಪು, ಆ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಅವರ ವೃಂದದ ಕೆಳಗಿನ ದರ್ಜೆಯ ಸಂಬಳದಷ್ಟು ಹಣ ಕೊಡಬೇಕು ಎಂದೂ ಹೇಳಿತ್ತು. ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪಿನ ದಿನದಿಂದ. ಕಾಯಂ ಬೇರೆ, ಸಂಬಳ ಬೇರೆ ಎಂದು ಐವರೂ ನೋಡಿದ್ದರು. ಇಪ್ಪತ್ತು ವರ್ಷಗಳಿಂದ ಇಲಾಖೆಗಳು ಮೊದಲ ಅರ್ಧವನ್ನು ಮಾತ್ರ ಓದಿ ಹಿಂಬರಹ ಕೊಡುತ್ತಿವೆ. ನನ್ನ ಮಟ್ಟಿಗೆ ಈ ಕೋಣೆಯ ಅನ್ಯಾಯದ ಬೇರು ಅಲ್ಲಿದೆ: ಕಾಯಂ ಮಾಡಲು ಆಗದು ಎಂಬ ಉತ್ತರವನ್ನು ಸಮನಾಗಿ ಏಕೆ ಕೊಡಬಾರದು ಎಂಬ ಪ್ರಶ್ನೆಗೂ ಬಳಸುತ್ತಿದ್ದಾರೆ.

2016ರ ಅಕ್ಟೋಬರ್ 26ರಂದು ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಎಸ್.ಎ. ಬೊಬ್ಡೆ ಅವರ ಪೀಠ ಇನ್ನೂ ಬಿಡಿಸಿ ಹೇಳಿತು: ಕಾಯಂ ನೌಕರ ಮಾಡುವ ಕೆಲಸವನ್ನೇ ಮಾಡುವ ಹಂಗಾಮಿ ನೌಕರನಿಗೆ ಆ ಶ್ರೇಣಿಯ ಕನಿಷ್ಠ ವೇತನವಾದರೂ ಸಿಗಬೇಕು. ಅಷ್ಟರಲ್ಲಿ ಇಲಾಖೆಗಳು ಬೇರೆ ದಾರಿ ಹಿಡಿದಿದ್ದವು. ನೌಕರ ನಮ್ಮವನೇ ಅಲ್ಲ, ಏಜೆನ್ಸಿಯವನು ಎಂದರೆ ಸಮಾನ ಕೆಲಸದ ಮಾತೇ ಹುಟ್ಟುವುದಿಲ್ಲ. 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸುವಂಥ ಕೆಲಸ ಮಾಡಿದವರ ಜಗ್ಗೋ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ನೌಕರರ ವಿರುದ್ಧದ ಆಯುಧವಾಗಿ ಬಳಸುವುದನ್ನೂ ಹೊರಗುತ್ತಿಗೆಯ ನೆವವನ್ನೂ ಸುಪ್ರೀಂ ಕೋರ್ಟ್ ಟೀಕಿಸಿತು. ಅವರನ್ನು ಮರಳಿ ಕೆಲಸಕ್ಕೆ ಸೇರಿಸಿ ಕಾಯಂ ಮಾಡುವಂತೆ ಹೇಳಿತು.

ನರೇಗಾ ಹುಡುಗ ಹೋಗಲು ಎದ್ದವನು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾನೆ. "ಅಣ್ಣಾ, ಅವರು ಕೇಂದ್ರದ ಕಚೇರೀಲಿದ್ರು. ನಾನು ಕೋರ್ಟಿಗೆ ಹೋದ್ರೆ ಹೊಸ ಏಜೆನ್ಸಿಯವನು ನನ್ನ ಹೆಸರು ಸೇರಿಸ್ಕೋತಾನಾ?"

ಯಾರೂ ತಕ್ಷಣ ಉತ್ತರ ಕೊಡುವುದಿಲ್ಲ. ದೊಡ್ಡ ಮೇಡಮ್ ಡಬ್ಬಿ ತೊಳೆದುಕೊಂಡು ಬಂದು, "ನರಸಾಪುರದಲ್ಲಿ ಏನಾಯ್ತು ನೆನಪಿಲ್ವಾ," ಅನ್ನುತ್ತಾರೆ. ಅವರ ತಮ್ಮ ಆಗ ಅದೇ ಕೈಗಾರಿಕಾ ಪ್ರದೇಶದಲ್ಲಿದ್ದ. 2020ರ ಡಿಸೆಂಬರ್ 12ರ ಬೆಳಗಿನ ಜಾವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಿದ್ದ ಗುತ್ತಿಗೆ ಕಾರ್ಮಿಕರು, ಹೇಳಿದ ಸಂಬಳ ಬಂದಿಲ್ಲವೆಂದು ಸಿಟ್ಟಿಗೆದ್ದು ಗಾಜು ಪೀಠೋಪಕರಣ ಒಡೆದು ಹಾಕಿದ್ದರು. ಗುತ್ತಿಗೆದಾರರ ಮೂಲಕ ನೇಮಕವಾದವರೇ ಅಲ್ಲಿ ಬಹುಪಾಲು. ಸರ್ಕಾರದ ಅಧಿಕಾರಿಗಳು ಹೋಗಿ ಪರಿಶೀಲಿಸಿ ಕಾರ್ಮಿಕ ಕಾನೂನಿನ ಉಲ್ಲಂಘನೆ ಪಟ್ಟಿ ಮಾಡಿದರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲ ಎಂದು ಕಂಪನಿ ಒಪ್ಪಿ ಕ್ಷಮೆ ಕೇಳಿತು. ಒಡೆದದ್ದನ್ನು ಈ ನಾಲ್ವರಲ್ಲಿ ಯಾರೂ ಸರಿ ಎನ್ನುವುದಿಲ್ಲ. ಕೋಲಾರದ ಪಶ್ಚಿಮಕ್ಕೆ ಖಾಸಗಿ ಕಾರ್ಖಾನೆಯ ಹಾಜರಾತಿ ಪುಸ್ತಕ ತೆರೆದು ನೋಡಿದ ಸರ್ಕಾರ, ಕೋಲಾರದ ಪೂರ್ವಕ್ಕಿರುವ ತನ್ನದೇ ಕಚೇರಿಯ ಲಾಂಗ್ ನೋಟ್‌ಬುಕ್ಕನ್ನು ಯಾವತ್ತು ತೆರೆಯುತ್ತದೆ ಎಂದಷ್ಟೇ ಅವರು ಕೇಳುತ್ತಿರುವುದು.

ಕರೆಂಟ್ ಬಂತು. ಸಾಲು ಮತ್ತೆ ಕಟ್ಟಿತು. ಮೂರೂವರೆಗೆ ಪಿಡಿಒ ಬರುತ್ತಾರೆ. ಪಕ್ಕದ ಪಂಚಾಯಿತಿಯ ಪ್ರಭಾರವೂ ಅವರದೇ, ಅಲ್ಲಿಂದ ಓಡಿ ಬಂದಿದ್ದಾರೆ. ಒಳ್ಳೆಯ ಮನುಷ್ಯ. ಕಾಯಂ ನೌಕರನಾದರೂ ಅವರ ಕಣ್ಣ ಕೆಳಗೂ ಕಪ್ಪು. ಡಾಂಗಲ್ ಹಾಕಿ ಬೆಳಿಗ್ಗೆಯಿಂದ ತಯಾರಾದ ನಮೂನೆಗಳಿಗೆ ಒಂದೊಂದಾಗಿ ಸಹಿ ಒತ್ತುತ್ತಾರೆ. ಚಿಕ್ಕ ಮೇಡಮ್ ಪಕ್ಕದಲ್ಲಿ ನಿಂತು ಕಡತ ತಿರುವುತ್ತಾಳೆ.

"ಸಾರ್, ನನ್ನ ಅನುಮೋದನೆ..."

"ಮೂರು ಸಲ ಕಳಿಸಿದೀನಮ್ಮ. ಹೊಸದಾಗಿ ಯಾರನ್ನೂ ತಗೋಬೇಡಿ, ತಗೊಂಡ್ರೆ ನಿಮ್ಮ ಸಂಬಳದಲ್ಲೇ ಹಿಡೀತೀವಿ ಅಂತಾರೆ. ನಿನ್ನ ಬಿಟ್ರೆ ಈ ಕಚೇರಿ ನಡೆಯಲ್ಲ ಅಂತ ನಂಗೂ ಗೊತ್ತು. ಏನ್ ಬರೀಲಿ ಹೇಳು?"

ಅವರ ಮಾತಿನಲ್ಲಿ ಸುಳ್ಳಿಲ್ಲ. ನೇಮಕ ಬೇಡ ಎಂಬ ಸುತ್ತೋಲೆಯೂ, ದಿನದ ಪ್ರಗತಿ ವರದಿ ಸಂಜೆಯೊಳಗೆ ಕಳಿಸಿ ಎಂಬ ವಾಟ್ಸಾಪ್ ಸಂದೇಶವೂ ಬರುವುದು ಒಂದೇ ಕಡೆಯಿಂದ. ಎರಡನ್ನೂ ಪಾಲಿಸಬೇಕಾದರೆ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬರು ಬೇಕೇ ಬೇಕು.

ದೊಡ್ಡ ಮೇಡಮ್ ಕತೆಯೂ ಸಲೀಸೇನಲ್ಲ. ಮೊದಲ ಹೆರಿಗೆ ಹೊತ್ತಿಗೆ ಅವರಿಗೂ ಅನುಮೋದನೆ ಇರಲಿಲ್ಲ. ಕುರ್ಚಿ ಬೇರೆಯವರ ಪಾಲಾಗಬಾರದೆಂದು ನಾದಿನಿಯನ್ನು ಎರಡು ತಿಂಗಳು ಕೂರಿಸಿ, ಬಾಣಂತನದಲ್ಲೇ ಫೋನಿನಲ್ಲಿ ಒಂದೊಂದು ಎಂಟ್ರಿ ಹೇಳಿಕೊಟ್ಟರಂತೆ. ಕಾಯಂ ಹೆಂಗಸಿಗೆ ಆ ಹೊತ್ತಿನಲ್ಲಿ ಆರು ತಿಂಗಳ ಸಂಬಳ ಸಹಿತ ರಜೆ. ಈಗಲೂ ಅವರಿಗೆ ಪಿಂಚಣಿ ಇಲ್ಲ. ಬಿಲ್ ಕಲೆಕ್ಟರ್‌ಗೆ ಹಿರಿತನದ ಮೇಲೆ ಗ್ರೇಡ್-2 ಕಾರ್ಯದರ್ಶಿ ಆಗುವ ದಾರಿಯಾದರೂ ಇದೆ. ಆ ಪಟ್ಟಿಯಲ್ಲಿ ತಮ್ಮ ಹೆಸರು ಬರುವುದರೊಳಗೆ ಅರವತ್ತು ಮುಟ್ಟುತ್ತೇನೆ ಎನ್ನುತ್ತಾರೆ ಅವರು.

ಇಷ್ಟಾದರೂ ಈ ಮೂವರ ನಡುವೆ ಹೊಟ್ಟೆಕಿಚ್ಚು ಇಲ್ಲವೆಂದು ಹೇಳಲಾರೆ. ದೊಡ್ಡ ಮೇಡಮ್ ಖಾತೆಗೆ ಸಂಬಳ ಬಿದ್ದ ದಿನ ಚಿಕ್ಕ ಮೇಡಮ್ ಮಾತು ಕಡಿಮೆಯಾಗುತ್ತದೆ. ಅವರು ಹೊಸ ಸೀರೆ ಉಟ್ಟು ಬಂದರೆ ಇವಳು ಹೊಗಳುತ್ತಾಳೆ, ಆಮೇಲೆ ಒಂದು ಗಂಟೆ ಕೀಬೋರ್ಡ್ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮೂರು ವರ್ಷ ಪಕ್ಕಪಕ್ಕ ಕೂತವರ ನಡುವೆ ಹೀಗೆ ಗೋಡೆ ಏಳಬೇಕಾಗಿರಲಿಲ್ಲ. ಕಟ್ಟಿದವರು ಕೋಣೆಯೊಳಗೆ ಇಲ್ಲ, ಬೈಗುಳ ಮಾತ್ರ ಕೋಣೆಯೊಳಗೇ ಬೀಳುತ್ತದೆ.

ಐದೂಕಾಲು. ಪಿಡಿಒ ತಾಲ್ಲೂಕು ಕಚೇರಿಯ ಸಭೆಗೆ ಹೊರಟರು. ಬಿಲ್ ಕಲೆಕ್ಟರ್ ಚಿಕ್ಕ ಮೇಡಮ್ ಮೇಜಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. "ಅಮ್ಮಾ, ಕೋರ್ಟು ಗೀರ್ಟು ಆಮೇಲೆ. ಮೊದ್ಲು ಕಾಗದ ಮಾಡ್ಕೋ. ಕೆಲಸ ಮಾಡಿಲ್ಲ ಅಂತ ಯಾರೂ ಸೋತಿಲ್ಲ. ಮಾಡಿದ್ದಕ್ಕೆ ಕಾಗದ ಇಲ್ಲ ಅಂತ ಸೋತೋರು ಬೇಕಾದಷ್ಟು ಜನ. ನಿನ್ನ ತಗೊಂಡ ದಿನದ ನಡವಳಿ, ಇಲ್ಲಿವರೆಗೆ ಕೊಟ್ಟ ಹಣದ ವೋಚರು, ನೀನು ಮಾಡಿದ ಎಂಟ್ರಿ. ದೃಢೀಕರಿಸಿದ ನಕಲು ತಗೋ."

"ನಾನೇ ಬೀರು ತೆಗೆದು ಜೆರಾಕ್ಸ್ ಮಾಡ್ಕೊಂಡ್ರೆ ಆಗಲ್ವಾ ಅಣ್ಣಾ? ಎಲ್ಲಾ ನನ್ನ ಕೈಲೇ ಐತಲ್ಲ."

"ಅದು ಕಳ್ಳತನ ಆಗ್ತದೆ. ಕೇಳಿ ತಗೋ. ಮಾಹಿತಿ ಹಕ್ಕಲ್ಲಿ ಹಾಕು."

ಅವಳು ಸ್ವಲ್ಪ ಹೊತ್ತು ಯೋಚಿಸುತ್ತಾಳೆ. ಅರ್ಜಿ ಹಾಕಿದರೆ ಅಧ್ಯಕ್ಷರಿಗೆ ತಿಳಿಯುತ್ತದೆ, ಸದಸ್ಯರಿಗೆ ತಿಳಿಯುತ್ತದೆ. ಇವಳು ನಮ್ಮ ಮೇಲೇ ಕಾಗದ ಹಾಕಿದಳು ಎಂದು ಸಂಜೆ ಅರಳಿಕಟ್ಟೆಯಲ್ಲಿ ಮಾತಾಗುತ್ತದೆ. ಏಪ್ರಿಲ್ ಒಂದಕ್ಕೆ ಬಾ ಎನ್ನದೆಯೂ ಇರಬಹುದು. ದೊಡ್ಡ ಮೇಡಮ್ ತಮ್ಮ ಪರದೆಯಿಂದ ಕಣ್ಣು ತೆಗೆಯದೆಯೇ, "ಹಾಕು. ನಾನೂ ಅವತ್ತು ಹಾಕಿದ್ದೆ. ಅದಕ್ಕೇ ನನ್ನ ಹೆಸರು ಪಟ್ಟಿಗೆ ಸೇರಿದ್ದು," ಅನ್ನುತ್ತಾರೆ. ಇಷ್ಟು ದಿನ ಅವರು ಈ ಮಾತು ಯಾಕೆ ಹೇಳಿರಲಿಲ್ಲ ಎಂದು ಚಿಕ್ಕ ಮೇಡಮ್ ಕೇಳುವುದಿಲ್ಲ. ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗುತ್ತಾಳೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ದಿನವೂ ಇಂಥ ಅರ್ಜಿ ತೆಗೆದುಕೊಳ್ಳುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾರ್ವಜನಿಕ ಮಾಹಿತಿ ಅಧಿಕಾರಿಗಳು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಇವರಿಗೆ. ವಿಷಯ: ನನ್ನನ್ನು ನೇಮಿಸಿಕೊಂಡ ಸಭಾ ನಡವಳಿಯ ದೃಢೀಕೃತ ನಕಲು.

ಬರೆದು ಮುಗಿಸಿ ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಪಂಚಾಯಿತಿಯ ಡಬ್ಬಿಗೆ ಹಾಕುತ್ತಾಳೆ. ಆವಕ ವಹಿ ತೆರೆದು ಮುಂದಿನ ನಂಬರಿನ ಎದುರು ತನ್ನ ಹೆಸರು, ತಂದೆಯ ಹೆಸರು, ಊರು ಬರೆಯುತ್ತಾಳೆ. ಹತ್ತು ರೂಪಾಯಿಗೆ ರಸೀದಿ ಹೊಡೆಯುತ್ತಾಳೆ. ಬಿಲ್ ಕಲೆಕ್ಟರ್ ಅರ್ಜಿಯ ಮೇಲೆ ಸ್ವೀಕೃತಿಯ ಮೊಹರು ಒತ್ತಿ, ತಾರೀಖು ಹಾಕಿ, ನಕಲನ್ನು ಅವಳ ಕೈಗೆ ಕೊಡುತ್ತಾರೆ.

"ಮೂವತ್ತು ದಿನ. ಅಷ್ಟರೊಳಗೆ ಕೊಡಲೇಬೇಕು. ಕೊಡದಿದ್ರೆ ಮೇಲ್ಮನವಿ ನಾನು ಬರೆದುಕೊಡ್ತೀನಿ."

ಕಿಟಕಿಯ ಹೊರಗೆ ಇನ್ನೂ ಇಬ್ಬರು ನಿಂತಿದ್ದಾರೆ, ಕೈಯಲ್ಲಿ ಕಂದಾಯದ ದುಡ್ಡು. ಅವಳು ರಸೀದಿಯನ್ನು ಲಾಂಗ್ ನೋಟ್‌ಬುಕ್ಕಿನೊಳಗೆ ಇಟ್ಟು, ಮನೆ ನಂಬರ್ ಎಷ್ಟು ಎಂದು ಅವರನ್ನು ಕೇಳುತ್ತಾಳೆ.